ಹತ್ತು ಪುಟದ ಕನ್ನಡ

ವಿಮರ್ಶೆ ಎಂದರೆ ಕಥೆ, ಕವಿತೆ, ಕಾದಂಬರಿಗಳದ್ದೇ ಆಗಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಬದುಕಿನ ಮೇಲೆ ಕಾದಂಬರಿಗಿಂತ ಹೆಚ್ಚು ಪರಿಣಾಮ ಮಾಡುವ ಬರಹಗಳು ಬೇರೆ ಇವೆ. ವಿಮೆಯ ಪತ್ರ, ಔಷಧದ ಡಬ್ಬಿಯೊಳಗಿನ ಚೀಟಿ, ಬ್ಯಾಂಕಿನ ಸಾಲದ ಕಾಗದ. ಇವನ್ನು ಯಾರೂ ವಿಮರ್ಶೆ ಮಾಡುವುದಿಲ್ಲ, ಯಾಕೆಂದರೆ ಇವನ್ನು ಯಾರೂ ಪೂರ್ತಿ ಓದುವುದೇ ಇಲ್ಲ. ಈ ಸಾಲಿಗೆ ಸೇರಿದ, ನಮ್ಮ ಕಾರವಾರ, ಅಂಕೋಲೆ ಕಡೆಯವರಿಗೆ ತೀರ ಹತ್ತಿರದ ಒಂದು ಬಗೆಯ ಬರಹವನ್ನು ಸಾಹಿತ್ಯ ಕೃತಿಯನ್ನು ಓದುವಷ್ಟೇ ಶ್ರದ್ಧೆಯಿಂದ ಓದಿ ನೋಡಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸಿತ್ತು. ಅದು ದೊಡ್ಡ ಯೋಜನೆಗಳ ಪರಿಸರ ಪರಿಣಾಮ ವರದಿಯ ಕನ್ನಡ ಸಾರಾಂಶ.

ಇದೆಂಥದು ಎಂದು ಕೇಳುವವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಅಣೆಕಟ್ಟು, ಬಂದರು, ಗಣಿ, ವಿದ್ಯುತ್ ಸ್ಥಾವರ ಇಂಥ ಯೋಜನೆ ಬರುವ ಮೊದಲು ಅದರಿಂದ ನೀರು, ಗಾಳಿ, ಜೀವಜಂತು, ಜನ ಇವರಿಗೆಲ್ಲ ಏನಾಗುತ್ತದೆ ಎಂದು ಅಧ್ಯಯನ ಮಾಡಿಸಬೇಕು. 1994ರಲ್ಲಿ ಕೇಂದ್ರ ಸರಕಾರ ಇದನ್ನು ಕಡ್ಡಾಯ ಮಾಡಿತು. 1997ರಲ್ಲಿ ಜನರ ಅಹವಾಲು ಕೇಳುವ ಸಭೆಯೂ ಸೇರಿತು. 2006ರ ಸೆಪ್ಟೆಂಬರ್‌ನಲ್ಲಿ ಹೊಸ ಅಧಿಸೂಚನೆ ಬಂತು. ಅದರ ಪ್ರಕಾರ ನೂರಾರು ಪುಟದ ಇಂಗ್ಲಿಷ್ ವರದಿಯ ಜೊತೆಗೆ ಒಂದು ಸಾರಾಂಶವೂ ಇರಬೇಕು. ಅದು ಎ-4 ಅಳತೆಯ ಹತ್ತು ಪುಟ ಮೀರಬಾರದು. ಇಂಗ್ಲಿಷಿನಲ್ಲಿಯೂ ಇರಬೇಕು, ಆಯಾ ಪ್ರದೇಶದ ಭಾಷೆಯಲ್ಲಿಯೂ ಇರಬೇಕು. ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಜನರಿಗೆ ತಿಳಿಸಬೇಕು. ಈ ಸಾರಾಂಶವನ್ನು ಜನ ನೋಡಲೆಂದು ಎಲ್ಲೆಲ್ಲಿ ಇಡಬಹುದು ಎಂದು ಹೇಳುವಾಗ ಅಧಿಸೂಚನೆ ಸಾರ್ವಜನಿಕ ಗ್ರಂಥಾಲಯದ ಹೆಸರನ್ನೂ ಎತ್ತುತ್ತದೆ.

ಗ್ರಂಥಾಲಯ! ಇದನ್ನು ಓದಿದಾಗ ನನಗೆ ಖುಷಿಯಾಯಿತು. ಕಚೇರಿಗೆ ಹೋಗಿ ಸಾಹೇಬರನ್ನು ಕೇಳಿ, ಅರ್ಜಿ ಕೊಟ್ಟು, ನಾಳೆ ಬನ್ನಿ ಅನ್ನಿಸಿಕೊಂಡು ಬರುವ ಬದಲು, ವಾರಪತ್ರಿಕೆ ಓದಲು ಹೋದ ಹೆಂಗಸು ಅಲ್ಲಿಯೇ ಬೆಂಚಿನ ಮೇಲೆ ಕೂತು ತನ್ನ ಊರಿಗೆ ಏನು ಬರುತ್ತಿದೆ ಎಂದು ಓದಿ ತಿಳಿಯಬಹುದು. ಕಾನೂನು ಬರೆದವರಿಗೆ ಆ ಹೆಂಗಸು ಕಂಡಿದ್ದಳೋ ಇಲ್ಲವೋ ನಾನು ಹೇಳಲಾರೆ. ಆದರೆ ಅವಳಿಗಾಗಿ ಒಂದು ಬಾಗಿಲನ್ನಂತೂ ಇಟ್ಟಿದ್ದಾರೆ. ಆ ಬಾಗಿಲಿನಿಂದ ಒಳಗೆ ಹೋದರೆ ಕೈಗೆ ಸಿಗುವುದೇನು ಎಂಬುದೇ ಈ ಲೇಖನದ ವಿಷಯ.

ನಮ್ಮ ಕರಾವಳಿಯ ಪಟ್ಟಿಯಲ್ಲಿ ಈ ಪ್ರಶ್ನೆ ಬರೀ ಪಂಡಿತರದ್ದಲ್ಲ. ಕಾಳಿ ನದಿಗೆ ಕದ್ರಾದಲ್ಲಿ ಅಣೆಕಟ್ಟು ಬಂತು. ಕೈಗಾದಲ್ಲಿ ಅಣುಸ್ಥಾವರ ಬಂತು. ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ಊರೂರುಗಳೇ ಎದ್ದವು. ಆ ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. 2018ರ ಡಿಸೆಂಬರ್‌ನಲ್ಲಿ ಕೈಗಾದ ಐದು ಮತ್ತು ಆರನೆಯ ಘಟಕಗಳ ಅಹವಾಲು ಸಭೆ ನಡೆಯಿತು. 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಯ ವಿರುದ್ಧ ಮೀನುಗಾರರು ಕಡಲತೀರದಲ್ಲಿ ನಿಂತರು. 2025ರ ಆಗಸ್ಟ್‌ನಲ್ಲಿ ಅಂಕೋಲೆಯಲ್ಲಿ ಕೇಣಿ ಬಂದರಿನ ಅಹವಾಲು ಸಭೆ ನಡೆಯಿತು. ಈ ಎಲ್ಲ ಕಡೆ ನಿಂತವರಲ್ಲಿ ಹೆಂಗಸರಿದ್ದಾರೆ. ಮೀನಿನ ಬುಟ್ಟಿ ಹೊರುವವರು, ಒಣಮೀನು ಮಾಡುವವರು, ಇಳಿತದ ಹೊತ್ತಿಗೆ ಅಳಿವೆಗೆ ಇಳಿದು ತಿಸ್ರೆ, ಕಲ್ವ ಆರಿಸುವವರು. ಮಾತಾಡುವ ಸರದಿ ಬಂದಾಗ ಇವರ ಕೈಯಲ್ಲಿ ಇರಬೇಕಾದ ಕಾಗದ ಆ ಹತ್ತು ಪುಟ.

ನಾನು ಓದಿದ ಕೆಲವು ಸಾರಾಂಶಗಳು ಯಾವ ಯಾವ ಯೋಜನೆಯವು ಎಂದು ಇಲ್ಲಿ ಹೇಳುವುದಿಲ್ಲ. ನನ್ನ ತಕರಾರಿರುವುದು ಒಂದು ಕಂಪನಿಯ ಮೇಲಲ್ಲ, ಒಂದು ಬಗೆಯ ಗದ್ಯದ ಮೇಲೆ. ಆ ಗದ್ಯ ಎಲ್ಲ ಕಡೆ ಒಂದೇ ಥರ ಇರುತ್ತದೆ. ಮುಖಪುಟದಲ್ಲಿಯೇ ‘ಕಾರ್ಯನಿರ್ವಾಹಕ ಸಾರಾಂಶ’ ಎಂದು ಬರೆದಿರುವುದುಂಟು. ಇಂಗ್ಲಿಷಿನ ಮಾತನ್ನು ಹಾಗೇ ಎತ್ತಿ ಇಟ್ಟ ಈ ಹೆಸರನ್ನು ಓದಿದವಳು, ಇದು ಯಾರೋ ಕಾರ್ಯನಿರ್ವಾಹಕರಿಗೆ ಬರೆದದ್ದು, ನನಗಲ್ಲ ಎಂದು ಕೆಳಗಿಟ್ಟರೆ ತಪ್ಪು ಅವಳದ್ದಲ್ಲ.

ಒಳಗಿನ ವಾಕ್ಯ ಹೇಗಿರುತ್ತದೆ? ಮಾದರಿಗೆ ನಾನೇ ಒಂದು ಕಟ್ಟಿ ತೋರಿಸುತ್ತೇನೆ: ‘ಯೋಜನಾ ಪ್ರದೇಶದ ಜಲಚರ ಜೀವವೈವಿಧ್ಯದ ಮೇಲೆ ಉಂಟಾಗಬಹುದಾದ ಪ್ರತಿಕೂಲ ಪರಿಣಾಮಗಳು ನಗಣ್ಯ ಪ್ರಮಾಣದ್ದಾಗಿರುವುದೆಂದು ನಿರೀಕ್ಷಿಸಲಾಗಿದ್ದು, ಸೂಕ್ತ ಉಪಶಮನ ಕ್ರಮಗಳನ್ನು ಅಳವಡಿಸಿಕೊಳ್ಳಲಾಗುವುದು.’ ವ್ಯಾಕರಣಕ್ಕೆ ಕುಂದಿಲ್ಲ. ಓದಿದರೆ ಗಂಭೀರವಾಗಿಯೂ ಕೇಳಿಸುತ್ತದೆ. ಆದರೆ ನಿಧಾನವಾಗಿ ಓದಿ. ನಿರೀಕ್ಷಿಸಿದವರು ಯಾರು? ವಾಕ್ಯದಲ್ಲಿ ಆಳೇ ಇಲ್ಲ. ನಗಣ್ಯ ಎಂದರೆ ಯಾವುದಕ್ಕೆ ಹೋಲಿಸಿ ನಗಣ್ಯ? ಇಡೀ ಅರಬ್ಬಿ ಸಮುದ್ರಕ್ಕೆ ಹೋಲಿಸಿದರೆ ಒಂದು ಅಳಿವೆಯ ತಿಸ್ರೆ ನಗಣ್ಯವೇ. ಅದನ್ನೇ ಆರಿಸಿ ಮಾರಿ ಮಗಳ ಶಾಲೆಯ ಫೀ ಕಟ್ಟುವವಳ ಮನೆಯ ಲೆಕ್ಕಕ್ಕೆ ಹೋಲಿಸಿದರೆ ಅದೇ ಸರ್ವಸ್ವ. ಸೂಕ್ತ ಕ್ರಮ ಎಂದರೆ ಯಾವುದು, ಯಾರು ತೆಗೆದುಕೊಳ್ಳುತ್ತಾರೆ, ಯಾವಾಗ? ‘ಲಾಗುವುದು’ ಎಂಬ ಪ್ರತ್ಯಯದಲ್ಲಿ ಎಲ್ಲವೂ ಕರಗಿಹೋಗಿದೆ.

ಇದೇ ಮಾತನ್ನು ಹೀಗೆ ಬರೆಯಬಹುದು: ‘ಈ ಅಳಿವೆಯ ನಾಲ್ಕು ಕಡೆ, ಚಳಿಗಾಲದ ಮೂರು ತಿಂಗಳು, ನಾವು ನೀರನ್ನೂ ಕೆಸರನ್ನೂ ಪರೀಕ್ಷಿಸಿದೆವು. ಹೂಳೆತ್ತುವಾಗ ನೀರು ಕದಡುತ್ತದೆ. ಕದಡಿದ ನೀರಿನಲ್ಲಿ ತಿಸ್ರೆ ಕಡಿಮೆಯಾಗಬಹುದು. ಎಷ್ಟು ಕಡಿಮೆ, ಎಷ್ಟು ವರ್ಷ ಎಂದು ನಾವು ಅಳೆದಿಲ್ಲ. ಮಳೆಗಾಲದಲ್ಲಿ ನೋಡಿಲ್ಲ.’ ಇದೂ ನಾನು ಕಟ್ಟಿದ ಮಾದರಿಯೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸರಳವಾದದ್ದು ಚಿಕ್ಕದೇನೂ ಆಗಲಿಲ್ಲ, ಉದ್ದವೇ ಆಯಿತು. ಸರಳ ಕನ್ನಡ ಎಂದರೆ ಮಕ್ಕಳ ಕನ್ನಡ ಎಂದು ತಿಳಿದವರು ಇದನ್ನು ಗಮನಿಸಬೇಕು. ಕಠಿಣ ಶಬ್ದದಲ್ಲಿ ಹೇಳಿದಾಗ ತಿಳಿದದ್ದು, ತಿಳಿಯದ್ದು ಎರಡೂ ಒಂದೇ ಬಣ್ಣದಲ್ಲಿ ಕಾಣುತ್ತವೆ. ಸರಳವಾಗಿ ಬರೆಯಲು ಕೂತರೆ, ಎಷ್ಟು ತಿಳಿದಿದೆ ಎಂದು ಬರೆಯುವವನು ಒಪ್ಪಿಕೊಳ್ಳಲೇಬೇಕಾಗುತ್ತದೆ.

ಮಳೆಗಾಲದ ಮಾತನ್ನು ಸುಮ್ಮನೆ ಸೇರಿಸಿದ್ದಲ್ಲ. ಇಂಥ ಅನೇಕ ವರದಿಗಳಿಗೆ ಮಳೆಗಾಲ ಬಿಟ್ಟು ಬೇರೆ ಒಂದು ಋತುವಿನ ಮಾಹಿತಿ ಸಾಕು ಎಂಬ ರೂಢಿ ಇದೆ. ಗಾಳಿಯ ಧೂಳು ಅಳೆಯುವುದಕ್ಕೆ ಅದು ಸರಿಯಿರಬಹುದು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಬೇರೆ, ಹೊಳೆ ಬೇರೆ, ಕಡಲೇ ಬೇರೆ. ಒಂದು ಊರನ್ನು ಅದರ ಮಳೆಗಾಲ ಬಿಟ್ಟು ವರ್ಣಿಸಿದರೆ ಅದು ಕರಾವಳಿಯ ಊರೇ ಅಲ್ಲ. ಸಾರಾಂಶದಲ್ಲಿ ಯಾವ ತಿಂಗಳಲ್ಲಿ ನೋಡಿದ್ದು ಎಂಬುದು ಮೂಲೆಯ ಒಂದು ಕೋಷ್ಟಕದಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಅದು ಮೊದಲ ಪುಟದ ಮೊದಲ ಸಾಲಿನಲ್ಲಿರಬೇಕು.

ಇನ್ನೊಂದು ದೋಷ ಹೆಸರುಗಳದ್ದು. ಜೀವಿಗಳ ಪಟ್ಟಿಯನ್ನು ಲ್ಯಾಟಿನ್ ಹೆಸರುಗಳಲ್ಲಿ ಕೊಟ್ಟು, ಅದನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಕನ್ನಡ ಆಯಿತೆಂದು ತಿಳಿಯುತ್ತಾರೆ. ಪ್ಯಾಫಿಯಾ ಮಲಬಾರಿಕಾ ಎಂದರೆ ತಿಸ್ರೆ ಎಂದು ಕೊಡಿಬಾಗದ ಬಾಯಿಗೆ ಯಾರು ಹೇಳಬೇಕು? ಅವಳು ಪಟ್ಟಿಯಲ್ಲಿ ತಿಸ್ರೆ ಹುಡುಕುತ್ತಾಳೆ, ಸಿಗುವುದಿಲ್ಲ. ನಮ್ಮ ತಿಸ್ರೆಯನ್ನು ಬಿಟ್ಟೇ ಬಿಟ್ಟಿದ್ದಾರೆ ಎಂದುಕೊಳ್ಳುತ್ತಾಳೆ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದು, ಯಾವ ಗಿಡದ ಬೀಜ ಯಾವಾಗ ತರಬೇಕೆಂದು ತಿಳಿದು, ಪದ್ಮಶ್ರೀ ಪಡೆದು, 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಂಥವರ ಮುಂದೆ ಸಸ್ಯಗಳ ಪಟ್ಟಿಯನ್ನು ಊರಿನ ಹೆಸರಿನಲ್ಲಿ ಓದಿದ್ದರೆ, ಏನೇನು ಬಿಟ್ಟುಹೋಗಿದೆ ಎಂದು ಕೂತಲ್ಲೇ ಹೇಳುತ್ತಿದ್ದರು. ಲ್ಯಾಟಿನ್ ಪಟ್ಟಿಯನ್ನು ಯಾರೂ ತಿದ್ದಲಾರರು. ತಿದ್ದಲು ಬಾರದ ಸಾರಾಂಶದಿಂದ ವಿಜ್ಞಾನಕ್ಕೂ ನಷ್ಟವೇ.

ಸರಳ ಮಾಡಿದರೆ ತಪ್ಪಾಗುತ್ತದೆ, ವಿಜ್ಞಾನವನ್ನು ಹಾಗೆಲ್ಲ ಮನೆಮಾತಿನಲ್ಲಿ ಹೇಳಲಾಗದು ಎಂದು ಹೇಳುವವರಿದ್ದಾರೆ. ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪತ್ರಿಕೆಯ ಆರೋಗ್ಯದ ಮೂಲೆಯಲ್ಲಿ ಇವತ್ತು ಕಾಫಿ ಒಳ್ಳೆಯದು, ನಾಳೆ ಕಾಫಿ ಕೆಟ್ಟದ್ದು ಎಂದು ಬರುವುದು ನೀವೂ ಓದಿದ್ದೀರಿ. ಎಷ್ಟು ಜನರನ್ನು ನೋಡಿ ಹೇಳಿದ್ದು, ಎಷ್ಟು ಖಚಿತ ಎಂಬ ಮಾತು ಅಲ್ಲಿ ಮೊದಲು ಬಿದ್ದುಹೋಗುತ್ತದೆ. ಯೋಜನೆಯನ್ನು ವಿರೋಧಿಸುವವರ ಕರಪತ್ರಗಳೂ ಈ ದೋಷದಿಂದ ಮುಕ್ತವಲ್ಲ. ಎಲ್ಲ ಮೀನೂ ನಾಶ, ಎಲ್ಲ ಊರೂ ಮುಳುಗಡೆ ಎಂದು ಬರೆದರೆ ಓದಲು ಸುಲಭ, ಆದರೆ ಅದೂ ಅಳೆದು ಹೇಳಿದ ಮಾತಲ್ಲ. ಒಂದು ಕಡೆಯವರು ‘ನಗಣ್ಯ’ ಅನ್ನುತ್ತಾರೆ, ಇನ್ನೊಂದು ಕಡೆಯವರು ‘ಸರ್ವನಾಶ’ ಅನ್ನುತ್ತಾರೆ. ನಡುವೆ ನಿಂತ ಹೆಂಗಸಿಗೆ ಬೇಕಾದದ್ದು ಎರಡೂ ಅಲ್ಲ. ‘ಎಷ್ಟು?’ ಎಂಬುದಕ್ಕೆ ಅವಳಿಗೆ ಉತ್ತರ ಬೇಕು.

ತಿಳಿಯಾಗಿ ಹೇಳುವ ಪರಂಪರೆ ನಮ್ಮಲ್ಲಿ ಇಲ್ಲದಿಲ್ಲ. ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ ತಂದರು, 1959ರಿಂದ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಬರೆದರು. ಅದೇ ಕಾರಂತರು 1989ರಲ್ಲಿ ಕೈಗಾ ಪ್ರಶ್ನೆಯನ್ನು ಎತ್ತಿಕೊಂಡು ನಮ್ಮ ಜಿಲ್ಲೆಯಿಂದ ಲೋಕಸಭೆಗೆ ನಿಂತು ಸೋತರು. ವೈದ್ಯೆ ಅನುಪಮಾ ನಿರಂಜನ ಅವರ ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’ ಪುಸ್ತಕಗಳು ಎಷ್ಟು ಮನೆಗಳ ಕಪಾಟಿನಲ್ಲಿದ್ದವು! ತಾಯಿ ಮಗಳಿಗೆ ಹೇಳಲು ನಾಚುವ ಮಾತನ್ನು ಅವರು ನಾಚದೆ, ಹೆದರಿಸದೆ ಹೇಳಿದರು. ನಮ್ಮ ಅಂಕೋಲೆಯ ದಿನಕರ ದೇಸಾಯಿಯವರಂತೂ ಎರಡು ಕೈಯಲ್ಲಿ ಬರೆದವರು. ಮುಂಬಯಿಯಲ್ಲಿದ್ದಾಗ ಭಾರತದ ಕಡಲ ಕಾರ್ಮಿಕರ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಅಧ್ಯಯನ ಗ್ರಂಥ ತಂದರು. ಅದು ಪ್ರಕಟವಾದದ್ದು 1940ರಲ್ಲಿ. ಇತ್ತ ‘ಜನಸೇವಕ’ ಪತ್ರಿಕೆ ನಡೆಸಿದರು, ನಾಲ್ಕು ಸಾಲಿನ ಚುಟುಕಗಳಲ್ಲಿ ಸಾಮಾನ್ಯರ ಜೊತೆ ಮಾತಾಡಿದರು. ಅಂಕಿ ಅಂಶ ಒಬ್ಬರಿಗೆ, ತಿಳಿಗನ್ನಡ ಇನ್ನೊಬ್ಬರಿಗೆ ಎಂದು ಅವರು ಭಾಗ ಮಾಡಿಕೊಂಡಿರಲಿಲ್ಲ.

ಆದರೂ ಒಂದು ವ್ಯತ್ಯಾಸವನ್ನು ಹೇಳಬೇಕು. ‘ವಿಜ್ಞಾನ ಪ್ರಪಂಚ’ದಂಥ ಪುಸ್ತಕಗಳು ತಿಳಿಸಿದ್ದು ಬಹುಮಟ್ಟಿಗೆ ಎಲ್ಲರೂ ಒಪ್ಪಿದ ತಿಳಿವಳಿಕೆಯನ್ನು. ಇವತ್ತು ನಮ್ಮ ಮುಂದೆ ಬರುವುದು ಇನ್ನೂ ವಾದದಲ್ಲಿರುವ ತಿಳಿವಳಿಕೆ. ಅದನ್ನು ಹೇಳುವುದಕ್ಕೆ ಒಳ್ಳೆಯ ಕನ್ನಡ ಮಾತ್ರ ಸಾಲದು, ಒಂದು ಕ್ರಮವೂ ಬೇಕು.

ಆ ಕ್ರಮವನ್ನು ಬೇರೆಯವರು ಕಂಡುಕೊಂಡಿದ್ದಾರೆ. ವೈದ್ಯಕೀಯದಲ್ಲಿ 1993ರಲ್ಲಿ ಹುಟ್ಟಿದ ಕಾಕ್ರೇನ್ ಎಂಬ ಸಂಸ್ಥೆ, ಒಂದು ಚಿಕಿತ್ಸೆಯ ಬಗ್ಗೆ ನಡೆದ ಎಲ್ಲ ಅಧ್ಯಯನಗಳನ್ನು ಒಟ್ಟು ಮಾಡಿ ತೂಗಿ ನೋಡುತ್ತದೆ. ಕೊನೆಗೆ ಸಾಮಾನ್ಯರಿಗಾಗಿ ತಿಳಿಭಾಷೆಯಲ್ಲಿ ಒಂದು ಸಾರಾಂಶ ಕೊಡುತ್ತದೆ, ಪುರಾವೆ ಎಷ್ಟು ಗಟ್ಟಿ ಎಂಬುದನ್ನೂ ಹೇಳುತ್ತದೆ. ಗ್ರಂಥಪಾಲಕರಿಗಾಗಿಯೇ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಿಂದ 2006ರಲ್ಲಿ ಒಂದು ಪತ್ರಿಕೆ ಶುರುವಾಯಿತು. ಗ್ರಂಥಾಲಯಗಳ ಬಗ್ಗೆ ನಡೆದ ಸಂಶೋಧನೆಗಳನ್ನು ಆರಿಸಿ, ಒಂದೊಂದನ್ನೂ ಒಂದೇ ಚೌಕಟ್ಟಿನಲ್ಲಿ ಸಂಕ್ಷೇಪಿಸುವುದು ಅದರ ಒಂದು ಕೆಲಸ. ಉದ್ದೇಶ ಏನು, ಎಲ್ಲಿ ಮಾಡಿದ್ದು, ಯಾರನ್ನು ನೋಡಿ ಮಾಡಿದ್ದು, ಹೇಗೆ, ಏನು ಕಂಡಿತು, ಏನು ತೀರ್ಮಾನ. ಇಷ್ಟಾದ ಮೇಲೆ ಸಂಕ್ಷೇಪಿಸಿದವರ ಟಿಪ್ಪಣಿ: ಈ ಸಂಶೋಧನೆಯಲ್ಲಿ ಬಲ ಎಲ್ಲಿದೆ, ದುರ್ಬಲ ಎಲ್ಲಿದೆ, ದಿನನಿತ್ಯದ ಕೆಲಸಕ್ಕೆ ಎಷ್ಟು ನಂಬಬಹುದು.

ಇಲ್ಲಿ ಎರಡು ಸಂಗತಿ ನನಗೆ ಮುಖ್ಯವೆನಿಸಿತು. ಚೌಕಟ್ಟು ಬದಲಾಗುವುದಿಲ್ಲವಾದ್ದರಿಂದ, ಯಾವುದನ್ನು ಹೇಳಿಲ್ಲ ಎಂಬುದು ಖಾಲಿ ಜಾಗವಾಗಿ ಎದ್ದು ಕಾಣುತ್ತದೆ. ಎರಡನೆಯದು, ಸಂಶೋಧನೆ ಮಾಡಿದವರು ಬೇರೆ, ಸಂಕ್ಷೇಪಿಸುವವರು ಬೇರೆ. ನಮ್ಮ ಹತ್ತು ಪುಟದ ರೋಗ ಇಲ್ಲಿಯೇ ಇದೆ. ಯೋಜನೆ ತರುವವರೇ ಹಣ ಕೊಟ್ಟು ಅಧ್ಯಯನ ಮಾಡಿಸುತ್ತಾರೆ, ಸಾರಾಂಶವೂ ಅವರ ಕಡೆಯಿಂದಲೇ ಬರುತ್ತದೆ. ಅದರಲ್ಲಿ ಯೋಜನೆಯ ಲಾಭಗಳಿಗೆ ಒಂದು ಅಧ್ಯಾಯವೇ ಇರಬೇಕೆಂದು ನಿಯಮವಿದೆ. ‘ನಾವು ನೋಡದೆ ಬಿಟ್ಟದ್ದು’ ಎಂಬ ಅಧ್ಯಾಯ ಇಲ್ಲ. ಹೆಣ್ಣಿನ ಕಡೆಯವರು ಬರೆದ ಜಾತಕವನ್ನು ಗಂಡಿನ ಕಡೆಯವರು ಇನ್ನೊಬ್ಬ ಜೋಯಿಸರಿಗೆ ತೋರಿಸದೆ ಒಪ್ಪುವುದುಂಟೇ?

ಆ ಇನ್ನೊಬ್ಬರು ಯಾರು ಎಂದರೆ ನನ್ನ ಉತ್ತರ ಗ್ರಂಥಾಲಯ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಓದುಗನ ಸಮಯ ಉಳಿಸು ಎಂಬುದೂ ಒಂದು. ನೂರಾರು ಪುಟದ ವರದಿಯ ಮುಂದೆ ಕೂತ ಮೀನುಗಾರ ಹೆಂಗಸಿನ ಸಮಯ ಉಳಿಸುವುದಕ್ಕಿಂತ ದೊಡ್ಡ ಕೆಲಸ ಯಾವುದಿದೆ? ನಮ್ಮಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯದ ಕಾನೂನಿದೆ. ಮನೆತೆರಿಗೆಯ ಜೊತೆ ನಾವೇ ಅದಕ್ಕೆ ಕರ ಕಟ್ಟುತ್ತೇವೆ. ಗ್ರಾಮ ಪಂಚಾಯತಿಗಳ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಅರಿವು ಕೇಂದ್ರಗಳಾದವು. ಅರಿವು ಎಂದು ಹೆಸರಿಟ್ಟ ಮೇಲೆ ಊರಿಗೆ ಬರುವ ಬಂದರಿನ ಅರಿವೂ ಅಲ್ಲಿ ಸಿಗಬೇಕಲ್ಲವೇ?

ಈ ಮಾತನ್ನು ಅಂಕೋಲೆ ಕಡೆಯ ಒಬ್ಬ ಗ್ರಂಥಾಲಯದ ಮೇಲ್ವಿಚಾರಕಿಯ ಮುಂದೆ ಎತ್ತಿದೆ. ನಾನು ಶಾಲೆಯಲ್ಲಿ ಕಲಿಸುತ್ತಿದ್ದವಳಾದ್ದರಿಂದ ಅವಳಿಗೆ ಇವತ್ತಿಗೂ ಅಕ್ಕೋರು. “ಅಕ್ಕೋರೇ, ನೀವು ಹೇಳುವುದು ಖರೆ. ಆದರೆ ನನಗೇ ಅರ್ಥ ಆಗದ್ದನ್ನು ನಾನು ಇನ್ನೊಬ್ಬರಿಗೆ ಏನು ಹೇಳಲಿ? ಒಂದು ಮಾತು ಹೆಚ್ಚು ಕಡಿಮೆ ಆದರೆ, ಇವಳು ಅವರ ಕಡೆಯವಳು ಅಂತ ಒಬ್ಬರು, ಇವರ ಕಡೆಯವಳು ಅಂತ ಇನ್ನೊಬ್ಬರು. ಕೆಲಸ ಹೋದರೆ ಯಾರು ನೋಡುತ್ತಾರೆ?” ಎಂದಳು. ಅವಳ ಹೆದರಿಕೆಯಲ್ಲಿ ಹುರುಳಿದೆ. ಅಭಿಪ್ರಾಯ ಹೇಳು ಎಂದು ಅವಳನ್ನು ಮುಂದೆ ತಳ್ಳುವುದು ಅನ್ಯಾಯ. ಅದಕ್ಕೇ ಅವಳ ಕೈಗೆ ಒಂದು ಪುಟ ಕೊಡಬೇಕು.

ಆ ಒಂದು ಪುಟದಲ್ಲಿ ಯಾವ ಯೋಜನೆಗಾದರೂ ಅವೇ ಏಳು ಪ್ರಶ್ನೆ ಇರಲಿ. ಅಧ್ಯಯನ ಮಾಡಿದವರು ಯಾರು, ಹಣ ಕೊಟ್ಟವರು ಯಾರು? ಎಲ್ಲಿ, ಯಾವ ತಿಂಗಳಲ್ಲಿ, ಎಷ್ಟು ದಿನ ನೋಡಿದರು? ಏನು ಕಂಡರು? ಎಷ್ಟು ಖಚಿತ? ಏನನ್ನು ನೋಡಿಲ್ಲ? ಯಾವ ಊರಿನ, ಯಾವ ಕೆಲಸದ ಜನರಿಗೆ ಇದು ತಟ್ಟುತ್ತದೆ? ಪೂರ್ತಿ ವರದಿ ಎಲ್ಲಿ ಸಿಗುತ್ತದೆ? ಉತ್ತರಗಳನ್ನು ವರದಿಯಿಂದಲೇ ತೆಗೆಯಬೇಕು, ಪುಟದ ಸಂಖ್ಯೆ ಹಾಕಬೇಕು, ಉತ್ತರ ಇಲ್ಲದಿದ್ದರೆ ‘ವರದಿಯಲ್ಲಿ ಇಲ್ಲ’ ಎಂದು ಬರೆಯಬೇಕು. ಇದನ್ನು ಬರೆಯಲು ನಮ್ಮಲ್ಲಿ ಜನರಿಲ್ಲವೇ? ಅಂಕೋಲೆಯಲ್ಲಿ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದ ಕಾಲೇಜಿದೆ, ಕಾರವಾರದ ಕೊಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಕಲಿಸುವ ಸ್ನಾತಕೋತ್ತರ ವಿಭಾಗವಿದೆ. ಕಾಲೇಜಿನ ಗ್ರಂಥಪಾಲಕರು, ವಿಷಯ ಬಲ್ಲ ಒಬ್ಬ ಅಧ್ಯಾಪಕರು, ತಿಸ್ರೆಯ ಹೆಸರು ಬಲ್ಲ ಒಬ್ಬ ಹೆಂಗಸು, ಈ ಮೂವರು ಕೂತರೆ ಆಯಿತು. ಮೇಲ್ವಿಚಾರಕಿ ಅದನ್ನು ಪರ ಇದ್ದವರಿಗೂ ವಿರೋಧ ಇದ್ದವರಿಗೂ ಒಂದೇ ಥರ ಕೊಡಬಹುದು. ಆಗ ಅವಳು ಯಾರ ಕಡೆಯವಳೂ ಅಲ್ಲ.

ಕಾಗದದಿಂದ ಏನಾಗುತ್ತದೆ ಎಂದು ನೀವು ಕೇಳಬಹುದು. 2020ರಲ್ಲಿ ಈ ಪರಿಸರ ನಿಯಮವನ್ನೇ ಬದಲಿಸುವ ಕರಡು ಬಂದಾಗ, ಅದನ್ನು ಸಂವಿಧಾನದ 22 ಭಾಷೆಗಳಿಗೆ ಅನುವಾದಿಸಿ ಎಂದು ದಿಲ್ಲಿಯ ಹೈಕೋರ್ಟು ಹೇಳಬೇಕಾಯಿತು. ಜನರಿಗೆ ಭಾಷೆ ತಲುಪದಿದ್ದರೆ ಅಹವಾಲಿಗೆ ಅರ್ಥವಿಲ್ಲ ಎಂಬುದನ್ನು ನ್ಯಾಯಾಲಯವೂ ಕಂಡಿತೆಂದೇ ನಾನು ಅದನ್ನು ಓದಿಕೊಂಡೆ. ಆದರೆ ಅನುವಾದ ಅರ್ಧ ಕೆಲಸ ಮಾತ್ರ. ಕಠಿಣ ಇಂಗ್ಲಿಷು ಕಠಿಣ ಕನ್ನಡವಾದರೆ ಬಾಗಿಲು ತೆರೆದು ಮತ್ತೆ ಚಿಲಕ ಹಾಕಿದಂತೆ.

2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಜರಿದು 19 ಮಂದಿ ಸತ್ತರು. ಭೂವಿಜ್ಞಾನದವರು ಬಂದರು, ನೋಡಿದರು, ವರದಿ ಬರೆದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ಚಹಾದಂಗಡಿಯ ಸಂಸಾರ, ನಿಂತಿದ್ದ ಲಾರಿ ಎಲ್ಲ ಹೋದವು. ಗಂಗಾವಳಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. 11 ಮಂದಿ ಹೋದರು. ಮತ್ತೆ ಭೂವಿಜ್ಞಾನದವರು ಬಂದರು. ಹೆದ್ದಾರಿಗಾಗಿ ಗುಡ್ಡದ ಬುಡ ಕಡಿದದ್ದರ ಮಾತು ಬಂತು, ವಿಪರೀತ ಮಳೆಯ ಮಾತು ಬಂತು. ಒಂದು ಪುಟದ ಕನ್ನಡ ಇದ್ದಿದ್ದರೆ ಆ ಗುಡ್ಡ ನಿಲ್ಲುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಕಡಿದ ಗುಡ್ಡದ ಬುಡದಲ್ಲಿ ಎರಡು ದಿನ ಬಿಡದೆ ಮಳೆ ಸುರಿದರೆ ಏನಾಗಬಹುದು, ಮೊದಲ ಲಕ್ಷಣ ಯಾವುದು, ಆಗ ಎಲ್ಲಿಗೆ ಹೋಗಬೇಕು ಎಂಬುದು ವಿಜ್ಞಾನಕ್ಕೆ ತಿಳಿದಿರುವಷ್ಟಾದರೂ ಗುಡ್ಡದ ಕೆಳಗೆ ಅನ್ನ ಬೇಯಿಸುವವಳಿಗೆ ತಿಳಿದಿರಬೇಕು. ಅದು ಅವಳ ಹಕ್ಕು.

ಪಟ್ಟಣದಲ್ಲಿರುವ ನಮಗೆ, ಓದು ಬಲ್ಲವರಿಗೆ, ಮಾಡಲು ಒಂದು ಸಣ್ಣ ಕೆಲಸವಿದೆ. ಮುಂದಿನ ಸಲ ಗ್ರಂಥಾಲಯಕ್ಕೆ ಹೋದಾಗ ವಾರಪತ್ರಿಕೆಯ ಜೊತೆಗೆ ಇದನ್ನೂ ಕೇಳಿ: ನಮ್ಮ ತಾಲೂಕಿಗೆ ಬರುವ ಯೋಜನೆಯ ಕನ್ನಡ ಸಾರಾಂಶ ಇದೆಯೇ? ಇದ್ದರೆ ಕೂತು ಓದಿ, ಆ ಏಳು ಪ್ರಶ್ನೆಗಳಲ್ಲಿ ಎಷ್ಟಕ್ಕೆ ಉತ್ತರವಿದೆ ಎಂದು ಎಣಿಸಿ. ಇಲ್ಲದಿದ್ದರೆ ತರಿಸಿಕೊಡಿ ಎಂದು ಬರೆದು ಕೊಡಿ. ಒಬ್ಬಳು ಕೇಳಿದರೆ ಅದು ಕುತೂಹಲ ಅನ್ನಿಸಿಕೊಳ್ಳುತ್ತದೆ. ಹತ್ತು ಹೆಂಗಸರು ಕೇಳಿದರೆ ಮೇಲ್ವಿಚಾರಕಿಗೂ ಮೇಲಿನವರನ್ನು ಕೇಳಲು ಧೈರ್ಯ ಬರುತ್ತದೆ.